ತಪ್ಪು ವಂಶದ್ದೋ, ಹೊಗೆಯದೋ?

ಮಗು ಹುಟ್ಟಿತೆಂಬ ಸುದ್ದಿ ಬಂದೊಡನೆ ಬಂಧುಬಳಗದವರು ಕೇಳುವ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದು. ಎರಡನೆಯದು ತೂಕವೆಷ್ಟು ಎಂಬುದು. ವೈದ್ಯರಿಗೆ ಎರಡನೆಯ ಪ್ರಶ್ನೆಯೇ ಮುಖ್ಯ. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಗುವ ಶಿಶುವಿಗೆ ಸೋಂಕು ಬೇಗ ತಗಲುತ್ತದೆ. ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಸಾಲದಾಗುತ್ತದೆ. ಇಂಥ ಸಂದರ್ಭದಲ್ಲಿ ಮನೆಯ ಹಿರಿಯರು, "ನಮ್ಮ ವಂಶದಲ್ಲಿ ಮಕ್ಕಳು ಹುಟ್ಟುವುದೇ ಹೀಗೆ" ಎಂದು ಸಮಾಧಾನ ಹೇಳುವುದುಂಟು. ಈ ಮಾತು ಪೂರ್ತಿ ಸುಳ್ಳಲ್ಲ. ತಾಯಿತಂದೆಗಳ ಮೈಕಟ್ಟಿನ ಛಾಯೆ ಮಗುವಿನ ತೂಕದಲ್ಲಿ ಕಾಣುವುದು ಸಹಜ. ಆದರೆ ತಾಯಿ ಗರ್ಭಿಣಿಯಾಗಿದ್ದಾಗ ಧೂಮಪಾನ ಮಾಡಿದ್ದಲ್ಲಿ, ತಪ್ಪು ವಂಶದ್ದೋ, ಹೊಗೆಯದೋ? ಈ ಪ್ರಶ್ನೆಯನ್ನು ಬಿಡಿಸಲು ವಿಜ್ಞಾನಿಗಳಿಗೆ ಅರ್ಧ ಶತಮಾನವೇ ಹಿಡಿಯಿತು.

1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಿಂಪ್ಸನ್ ಎಂಬವರು ಏಳು ಸಾವಿರಕ್ಕೂ ಮಿಕ್ಕ ಬಾಣಂತಿಯರ ವಿವರಗಳನ್ನು ಪರಿಶೀಲಿಸಿದರು. ಸಿಗರೇಟು ಸೇದುವವರಲ್ಲಿ ಅಕಾಲ ಪ್ರಸವ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ರಕ್ತದ ಕೆಂಪು ವಸ್ತುವಿನೊಡನೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ನಂಟು. ಅದು ಸೇರಿದಷ್ಟೂ ಮಗುವಿಗೆ ತಲಪುವ ಆಮ್ಲಜನಕ ಕಡಿಮೆಯಾಗುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ.

ಆದರೂ ಎಲ್ಲರೂ ಒಪ್ಪಲಿಲ್ಲ. ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಯೆರುಶಾಲ್ಮಿ ಅವರು, ದೋಷ ಸಿಗರೇಟಿನದಲ್ಲ, ಅದನ್ನು ಸೇದುವವರ ಪ್ರಕೃತಿಯದು ಎಂದು 1971ರಲ್ಲಿ ವಾದಿಸಿದರು. ಕಡಿಮೆ ತೂಕದ ಶಿಶುಗಳಲ್ಲಿ ಸೇದುವ ತಾಯಂದಿರ ಮಕ್ಕಳೇ ಹೆಚ್ಚಾಗಿ ಬದುಕುಳಿದಿದ್ದುದು ಅವರ ವಾದಕ್ಕೆ ಆಧಾರವಾಯಿತು. ಸೇದದ ತಾಯಿಯ ಮಗು ಸಣ್ಣದಾಗಿ ಹುಟ್ಟಿದರೆ, ಅದರ ಹಿಂದೆ ಇನ್ನೂ ಗುರುತರವಾದ ರೋಗವೊಂದು ಇರುವ ಸಂಭವ ಹೆಚ್ಚು ಎಂಬ ವಿವರಣೆ ಅನಂತರ ಬಂದಿತು.

ಈ ವಾದಕ್ಕೆ ಮೊದಲ ಪೆಟ್ಟು ಬಿದ್ದದ್ದು ಬ್ರಿಟನ್ನಿನಿಂದ. 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಅಲ್ಲಿ ಹುಟ್ಟಿದ ಮಕ್ಕಳ ವಿವರಗಳನ್ನು ಶೇಖರಿಸಲಾಗಿತ್ತು. 1972ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯಂತೆ, ನಾಲ್ಕನೆಯ ತಿಂಗಳ ಬಳಿಕವೂ ಸೇದುತ್ತಿದ್ದವರ ಮಕ್ಕಳು ಸರಾಸರಿ 170 ಗ್ರಾಂ ಕಡಿಮೆ ತೂಗಿದವು. ಅಷ್ಟರೊಳಗೆ ಚಟ ಬಿಟ್ಟವರ ಮಕ್ಕಳಿಗಾದರೋ ಆ ಹಾನಿ ತಟ್ಟಲಿಲ್ಲ. ಚಟ ಬಿಟ್ಟ ಮಾತ್ರಕ್ಕೆ ವಂಶ ಬದಲಾಗುವುದಿಲ್ಲವಷ್ಟೆ! ಮುಂದೆ ಅಮೆರಿಕದ ಮೇರಿಲೆಂಡಿನಲ್ಲಿ ಸೇದುವ 935 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚಟ ಬಿಡಲು ನೆರವು ನೀಡಲಾಯಿತು. 1984ರಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಆ ಗುಂಪಿನ ಮಕ್ಕಳ ತೂಕ ಸರಾಸರಿ 92 ಗ್ರಾಂ ಹೆಚ್ಚಾಗಿತ್ತು.

ಕಡೆಯ ಸಂದೇಹವನ್ನೂ 2009ರಲ್ಲಿ ಕಾರ್ಡಿಫ್ ವಿಶ್ವವಿದ್ಯಾನಿಲಯದ ಸಂಶೋಧಕರು ಪರೀಕ್ಷೆಗೆ ಒಡ್ಡಿದರು. ಬೇರೊಬ್ಬ ಸ್ತ್ರೀ ದಾನವಿತ್ತ ಅಂಡದಿಂದ ಗರ್ಭ ಧರಿಸಿದ ತಾಯಂದಿರೂ ಅವರ ಅಧ್ಯಯನದಲ್ಲಿದ್ದರು. ಅಲ್ಲಿ ಹೊತ್ತ ತಾಯಿಗೂ ಮಗುವಿಗೂ ವಂಶದ ಸಂಬಂಧವಿಲ್ಲ. ಹಾಗಿದ್ದೂ ಸೇದಿದ ತಾಯಿಯ ಮಗುವಿನ ತೂಕ ಕಡಿಮೆಯೇ ಆಗಿತ್ತು.

ಹಾಗಾದರೆ ವಂಶಕ್ಕೆ ಪಾತ್ರವೇ ಇಲ್ಲವೆ? ಇದೆ, ಆದರೆ ಅದು ಬೇರೆ ಬಗೆಯದು. 2002ರಲ್ಲಿ ಷಿಯಾವೊಬಿನ್ ವಾಂಗ್ ಮತ್ತು ಸಂಗಡಿಗರು ಬಾಸ್ಟನ್ ನಗರದ 741 ತಾಯಂದಿರ ವಂಶವಾಹಿಗಳನ್ನು ಪರೀಕ್ಷಿಸಿದರು. ಹೊಗೆಯ ವಿಷವನ್ನು ದೇಹವು ಎರಡು ಹಂತಗಳಲ್ಲಿ ನಿವಾರಿಸುತ್ತದೆ. ಮೊದಲ ಹಂತದಲ್ಲಿ ವಿಷವು ಮಾರ್ಪಟ್ಟು, ಕೆಲವು ವೇಳೆ ಮತ್ತಷ್ಟು ಉಗ್ರವಾಗುತ್ತದೆ. ಎರಡನೆಯ ಹಂತದಲ್ಲಿ ಅದು ಕಟ್ಟುಬಿದ್ದು ಹೊರಹೋಗುತ್ತದೆ. ಒಂದೊಂದು ಹಂತಕ್ಕೂ ಅದರದರ ವಂಶವಾಹಿಯುಂಟು. ಅದು ಎಲ್ಲರಲ್ಲಿಯೂ ಒಂದೇ ರೂಪದಲ್ಲಿರುವುದಿಲ್ಲ. ಗರ್ಭಾವಧಿಯುದ್ದಕ್ಕೂ ಸೇದಿದವರ ಮಕ್ಕಳ ತೂಕ ಒಟ್ಟಾರೆ 377 ಗ್ರಾಂ ಕುಗ್ಗಿತ್ತು. ಮೊದಲನೆಯ ವಂಶವಾಹಿ ಮಾರ್ಪಟ್ಟು, ಎರಡನೆಯದು ಇಲ್ಲವೇ ಇಲ್ಲದ ತಾಯಂದಿರಲ್ಲಿ ಈ ಕೊರತೆ 1,285 ಗ್ರಾಂ ಮುಟ್ಟಿತ್ತು. ಅಂಥ ತಾಯಂದಿರು ಕೆಲವರೇ ಆದುದರಿಂದ ಈ ಅಂಕಿಯನ್ನು ಕಡೆಯ ಮಾತೆನ್ನಲಾಗದು. ಗಮನಿಸಬೇಕಾದ ವಿಷಯವೆಂದರೆ, ಸೇದದ ತಾಯಂದಿರಲ್ಲಿ ಇದೇ ವಂಶವಾಹಿಗಳು ತಾವಾಗಿ ಯಾವ ಕೇಡನ್ನೂ ಮಾಡಿರಲಿಲ್ಲ. ಹೊಗೆಯಿಲ್ಲದೆಡೆ ಈ ದೋಷಕ್ಕೆ ಕೆಲಸವಿಲ್ಲ.

ನಮ್ಮ ಮನೆಗಳಲ್ಲಿ ಸಿಗರೇಟು ಸೇದುವ ಹೆಂಗಸರು ವಿರಳ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರು ವಿರಳವಲ್ಲ. ಮುಂಬಯಿಯ 1,217 ಗರ್ಭಿಣಿಯರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕನ್ನು ಬಳಸಿದವರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ಪಕ್ಕದಲ್ಲಿ ಕುಳಿತು ಪತಿ ಸೇದುವ ಸಿಗರೇಟಿನ ಹೊಗೆಯೂ ಗರ್ಭಿಣಿಯ ಉಸಿರಿಗೆ ಸೇರುತ್ತದೆ.

"ನಮ್ಮ ಅತ್ತೆ ಹೊಗೆಸೊಪ್ಪು ಅಗಿಯುತ್ತಲೇ ಎಂಟು ಗಟ್ಟಿಮುಟ್ಟಾದ ಮಕ್ಕಳನ್ನು ಹೆತ್ತರು" ಎಂಬ ಮಾತು ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಆ ಹಿರಿಯಾಕೆಯ ದೇಹಕ್ಕೆ ವಿಷವನ್ನು ಬೇಗ ಕಳೆಯುವ ಭಾಗ್ಯ ಇದ್ದಿರಬಹುದು. ಆದರೆ ಇಂದು ಬಸುರಿಯಾಗಿರುವ ಸೊಸೆ ಬೇರೆ ಮನೆಯಿಂದ ಬಂದವಳು. ಅತ್ತೆಯ ಭಾಗ್ಯ ಆಕೆಗೆ ಬಳುವಳಿಯಾಗಿ ಬಂದಿಲ್ಲ. ಆಕೆಯ ದೇಹಪ್ರಕೃತಿ ಯಾವ ಬಗೆಯದೆಂಬುದನ್ನು ಮೈಕಟ್ಟು ನೋಡಿ ಯಾರೂ ಹೇಳಲಾರರು. ಆದಕಾರಣ ಬಸಿರು ನಿಂತಿತೆಂದು ತಿಳಿದ ದಿನವೇ ಎಲೆಯ ತಟ್ಟೆಯಿಂದ ಹೊಗೆಸೊಪ್ಪು ಹೊರಡಲಿ. ಯಜಮಾನರ ಸಿಗರೇಟು ಅದರ ಬೆನ್ನಿಗೇ ಮನೆ ಬಿಡಲಿ. ನಾಲ್ಕನೆಯ ತಿಂಗಳು ತುಂಬುವ ಮುನ್ನ ಇಷ್ಟು ನಡೆದರೆ ಮಗುವಿಗೆ ದೊರೆಯುವ ಲಾಭ ದೊಡ್ಡದು; ತಡವಾಗಿದ್ದರೂ ಬಿಡುವುದು ಬಿಡದಿರುವುದಕ್ಕಿಂತ ಮೇಲು.