ವಿದ್ಯಾರ್ಥಿ ಪತ್ರಿಕೆಗಳೂ ಮತನಿಂದೆಯ ಚಿತ್ರಗಳೂ

ವಿದ್ಯಾರ್ಥಿಗಳು ನಡೆಸುವ ಪತ್ರಿಕೆಯಲ್ಲಿ ಒಂದು ಮತದವರ ಮನಸ್ಸನ್ನು ನೋಯಿಸುವ ಚಿತ್ರ ಅಚ್ಚಾದರೆ ಅದಕ್ಕೆ ತಕ್ಕ ಪ್ರತೀಕಾರವೇನು? ತಪ್ಪನ್ನು ತಿದ್ದಬೇಕಾದವರು ಯಾರು? 2006ನೆಯ ಇಸವಿಯ ಫೆಬ್ರವರಿಯಲ್ಲಿ ಈ ಪ್ರಶ್ನೆ ಮೂರು ದೇಶಗಳಲ್ಲಿ ಎದ್ದಿತು. ಮೂರು ಕಡೆಯೂ ಬೇರೆ ಬೇರೆ ಉತ್ತರ ದೊರೆಯಿತು.

ಡೆನ್ಮಾರ್ಕಿನ ಯುಲ್ಲಾಂಡ್ಸ್-ಪೋಸ್ಟೆನ್ ಪತ್ರಿಕೆಯು 2005ರ ಸೆಪ್ಟೆಂಬರ್ 30ರಂದು ಮಹಮ್ಮದ್ ಪೈಗಂಬರರ ವಿಷಯವಾಗಿ 12 ವ್ಯಂಗ್ಯಚಿತ್ರಗಳನ್ನು ಪ್ರಕಟಿಸಿತಷ್ಟೆ. ಅವುಗಳಲ್ಲೊಂದನ್ನು ವೇಲ್ಸ್ ಪ್ರಾಂತದ ಕಾರ್ಡಿಫ್ ವಿದ್ಯಾರ್ಥಿಗಳ ಪತ್ರಿಕೆ ಮುದ್ರಿಸಲು, ಅಲ್ಲಿಯ ವಿದ್ಯಾರ್ಥಿ ಸಂಘವೇ ಪ್ರತಿಗಳನ್ನು ಹಿಂದಕ್ಕೆ ತರಿಸಿಕೊಂಡಿತು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ವಿಶ್ವವಿದ್ಯಾನಿಲಯದ ಅಧಿಕಾರಿಗಳು 2,000 ಪ್ರತಿಗಳ ಹಂಚಿಕೆಯನ್ನು ತಡೆದರು. ಅಮೆರಿಕಾದ ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ನಡೆಸುವ ಡೈಲಿ ಇಲೈನಿ ಪತ್ರಿಕೆ ಆರು ಚಿತ್ರಗಳನ್ನು ಅಚ್ಚುಮಾಡಿತು. ಆ ಪತ್ರಿಕೆಯ ಒಡೆತನ ವಿಶ್ವವಿದ್ಯಾನಿಲಯದ್ದಲ್ಲ, ಸ್ವತಂತ್ರ ಸಂಸ್ಥೆಯೊಂದರದು. ಆ ಸಂಸ್ಥೆಯವರು ಸಂಪಾದಕನನ್ನು ಮೊದಲು ಅಮಾನತಿನಲ್ಲಿಟ್ಟು, ಮಾರನೆಯ ತಿಂಗಳು ಕೆಲಸದಿಂದ ತೆಗೆದರು. ಚಿತ್ರಗಳಿಗಾಗಿ ಅಲ್ಲ, ಸಹೋದ್ಯೋಗಿಗಳೊಡನೆ ಸಮಾಲೋಚಿಸದೆ ನಡೆದುಕೊಂಡದ್ದಕ್ಕಾಗಿ ಎಂಬುದು ಅವರು ಕೊಟ್ಟ ಕಾರಣ. ವಿಶ್ವವಿದ್ಯಾನಿಲಯದ ಮುಖ್ಯಾಧಿಕಾರಿಗಳಾದರೋ ತಮ್ಮ ಅಸಮಾಧಾನವನ್ನು ಅದೇ ಪತ್ರಿಕೆಗೆ ಕಾಗದದ ಮೂಲಕ ತಿಳಿಸಿದರು.

ಈ ಮೂರರಲ್ಲಿ ಕಾಗದ ಬರೆದ ಅಧಿಕಾರಿಯ ಮಾರ್ಗವೇ ನಮಗೆ ಮೆಚ್ಚಿಕೆಯಾದುದು. ಚಿತ್ರಗಳನ್ನು ನಾವು ಸಮರ್ಥಿಸುವವರಲ್ಲ. ಅನ್ಯರು ಪೂಜ್ಯರೆಂದು ಭಾವಿಸಿದವರನ್ನು ಹಾಸ್ಯಕ್ಕೆ ಗುರಿಮಾಡುವುದರಲ್ಲಿ ಧೈರ್ಯವೂ ಇಲ್ಲ, ವಿದ್ಯೆಯೂ ಇಲ್ಲ. ಜತೆಗಾರರನ್ನು ಕೇಳದೆ ಅಚ್ಚಿಗೆ ಕಳುಹಿಸುವ ಸಂಪಾದಕನು ಸ್ವಾತಂತ್ರ್ಯವನ್ನೂ ಸ್ವೇಚ್ಛೆಯನ್ನೂ ಒಂದೆಂದು ತಿಳಿದವನು. ಅವನನ್ನು ಅವನ ಸಂಸ್ಥೆಯೇ ಪ್ರಶ್ನಿಸಿದರೆ ಆಕ್ಷೇಪಿಸಲು ನಮಗೆ ಕಾರಣ ತೋರದು. ಆದರೆ ಪ್ರತಿಗಳನ್ನು ಅಧಿಕಾರಿಗಳೇ ತಡೆಹಿಡಿಯುವುದು ಬೇರೆ ಮಾತು. ಅದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತೆ.

ಹೀಗೆನ್ನಲು ಕಾರಣವಿದೆ. 2000ದಲ್ಲಿ ಅದೇ ಇಲಿನಾಯ್ ಸಂಸ್ಥಾನದ ಗವರ್ನರ್ಸ್ ಸ್ಟೇಟ್ ವಿಶ್ವವಿದ್ಯಾನಿಲಯದ ಅಧಿಕಾರಿಯೊಬ್ಬರು, ತಮ್ಮವರು ಮೊದಲು ಓದಿ ನೋಡದ ಹೊರತು ವಿದ್ಯಾರ್ಥಿ ಪತ್ರಿಕೆಯನ್ನು ಅಚ್ಚುಮಾಡಕೂಡದೆಂದು ಮುದ್ರಕರಿಗೆ ದೂರವಾಣಿಯಲ್ಲಿ ತಿಳಿಸಿದರು. ಆ ಪತ್ರಿಕೆಯಲ್ಲಿ ಮತನಿಂದೆಯ ಪ್ರಶ್ನೆಯೇ ಇರಲಿಲ್ಲ. ವಿಶ್ವವಿದ್ಯಾನಿಲಯದ ಆಡಳಿತವನ್ನು ಟೀಕಿಸಿದ್ದಿತು! ಮುದ್ರಣಾಲಯ ನಡೆಸುವ ನಾವು ಇಂತಹ ಮಾತಿನ ಭಾರವನ್ನು ಬಲ್ಲೆವು. ಒಮ್ಮೆ ಕೈಗೆ ಬಂದ ಕತ್ತರಿ ಮತನಿಂದೆಯನ್ನು ಕತ್ತರಿಸಿ ಅಲ್ಲಿಗೇ ನಿಲ್ಲುವುದಿಲ್ಲ. 2005ರಲ್ಲಿ ಅಪೀಲು ನ್ಯಾಯಾಲಯವು ಆ ಅಧಿಕಾರಿಯನ್ನು ಹೊಣೆಮಾಡಲಿಲ್ಲ; 2006ರ ಫೆಬ್ರವರಿಯಲ್ಲಿಯೇ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಎತ್ತಿಕೊಳ್ಳಲಿಲ್ಲ. ಕೊನೆಗೆ 2007ರಲ್ಲಿ ಸಂಸ್ಥಾನದ ಶಾಸನಸಭೆಯೇ ಕಾಯಿದೆ ಮಾಡಿ, ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿ ಪತ್ರಿಕೆಗಳನ್ನು ಪೂರ್ವಪರಿಶೀಲನೆಯಿಂದ ಬಿಡಿಸಬೇಕಾಯಿತು.

ನಮ್ಮ ದೇಶದ ಸ್ಥಿತಿ ಬೇರೆ ಎನ್ನುವವರುಂಟು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಆಂಗ್ಲ ಪತ್ರಿಕೆಯೊಂದರಲ್ಲಿ ಬಂದ ಒಂದು ಸಣ್ಣಕಥೆಯ ನಿಮಿತ್ತ ಗಲಭೆಯೆದ್ದು ಜೀವಗಳು ಹೋದುದನ್ನು ಈ ನಾಡು ಕಂಡಿದೆ. ಆದರೆ ಅಂತಹುದಕ್ಕೆ ಕಾಯಿದೆ ಇದ್ದೇ ಇದೆ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಪ್ರಕರಣ ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯದಾಗಿ ನಿಂತಿದೆ. ಬುದ್ಧಿಪೂರ್ವಕವಾದ ದುರುದ್ದೇಶವಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ದುರುದ್ದೇಶವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ಪ್ರಿನ್ಸಿಪಾಲರ ಕೋಣೆಯ ಕೆಲಸವಲ್ಲ.

ಬರೆಯುವುದರ ಹೊಣೆಯನ್ನು ಹುಡುಗರು ಬರೆದೇ ಕಲಿಯಬೇಕು. ತಪ್ಪು ಮಾಡಿದರೆ ನೊಂದವರ ಉತ್ತರವನ್ನು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಅಚ್ಚುಮಾಡುವಂತೆ ಉಪಾಧ್ಯಾಯರು ಬುದ್ಧಿ ಹೇಳಲಿ. ಅದನ್ನು ಓದಿ ತಲೆತಗ್ಗಿಸಿದವನು ಮುಂದೆ ವಿವೇಕಿಯಾದ ಪತ್ರಕರ್ತನಾದಾನು. ಬಾಯಿ ಕಟ್ಟಿಸಿಕೊಂಡವನು ತನ್ನ ತಪ್ಪನ್ನು ಮರೆತು, ಕಟ್ಟಿದವರ ಮೇಲಿನ ಹಗೆಯನ್ನು ಮಾತ್ರ ಉಳಿಸಿಕೊಳ್ಳುವನು.