ಕಾರವಾರಕ್ಕೆ ಉಳಿದಿರುವ ಕಡಲತೀರ

ಕಾರವಾರ ಬಂದರಿನ ವಿಸ್ತರಣೆಯ ಮಾತೆತ್ತಿದಾಗಲೆಲ್ಲ ಅದರ ಪರ ನಿಲ್ಲುವವರು ಇತಿಹಾಸವನ್ನು ಮುಂದಿಡುತ್ತಾರೆ: ಈ ಊರು ಬೆಳೆದದ್ದೇ ಬಂದರಿಗಾಗಿ ಎಂದು. ಮಾತು ಸುಳ್ಳಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಇಲ್ಲಿಂದಲೇ ಹಡಗಿಗೇರಿಸುವ ಲೆಕ್ಕಾಚಾರವಿತ್ತು. ಆದರೆ 1880ರ ದಶಕದಲ್ಲಿ ರೈಲು ಕ್ಯಾಸಲ್‌ರಾಕ್ ಹಾದು ಪೋರ್ಚುಗೀಸರ ಮರ್ಮಗೋವೆಗೆ ಇಳಿಯಿತು, ಹತ್ತಿಯೂ ಅದೇ ದಾರಿ ಹಿಡಿಯಿತು. ಬಂದರಿನ ಕನಸು ಬಡವಾಯಿತು, ತೀರ ಜನರ ಕೈಯಲ್ಲಿ ಉಳಿಯಿತು. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಆ ದಶಕದಲ್ಲೇ ಬಂದ ರವೀಂದ್ರನಾಥ ಟ್ಯಾಗೋರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಈ ಊರಿನಲ್ಲಿ. ಕಡಲತೀರಕ್ಕೆ ಇಂದು ಅವರದೇ ಹೆಸರು.

ಈ ತೀರದ ಬೆಲೆ ತಿಳಿಯಬೇಕಾದರೆ ಅದರ ದಕ್ಷಿಣಕ್ಕೆ ನೋಡಬೇಕು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಬಿಣಗಾ, ಅರ್ಗಾ ಸೇರಿದಂತೆ ಕಾರವಾರ–ಅಂಕೋಲಾ ನಡುವಿನ ಕರಾವಳಿಯ ದೊಡ್ಡ ಪಾಲು ಬೇಲಿಯೊಳಗೆ ಸೇರಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟು ಎದ್ದವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವು. ದೇಶದ ರಕ್ಷಣೆಗೆ ನೌಕಾನೆಲೆ ಬೇಕಿತ್ತು, ಅದನ್ನು ಒಪ್ಪೋಣ. ಆದರೆ ಅಷ್ಟು ಕೊಟ್ಟ ಊರಿಗೆ ಪೇಟೆಯಿಂದ ನಡೆದು ಹೋಗಬಹುದಾದ ಮರಳದಂಡೆಯೆಂದು ಉಳಿದದ್ದು ಇದೊಂದೇ. ಸಂಜೆಯ ತಿರುಗಾಟ, ಕರಾವಳಿ ಉತ್ಸವ, ಚಾಪಲ್ ಯುದ್ಧನೌಕೆಯ ಸಂಗ್ರಹಾಲಯ ಎಲ್ಲವೂ ಇಲ್ಲಿಯೇ. ರಂಪಣಿ ಬಲೆಯನ್ನು ಹತ್ತಾರು ಜನ ಸೇರಿ ದಡಕ್ಕೆಳೆಯಬೇಕು. ಅದಕ್ಕೆ ತೆರೆದ ಉದ್ದನೆಯ ಮರಳು ಬೇಕೇ ಬೇಕು. ಮೀನುಗಾರರಿಗೆ ಇದು ವಿಹಾರಸ್ಥಳ ಆಗುವ ಮೊದಲೇ ದುಡಿಮೆಯ ಜಾಗ. 2020ರ ಜನವರಿಯಲ್ಲಿ ಕೇಂದ್ರದ ಸಾಗರಮಾಲಾ ಬಂದರು ಯೋಜನೆಯಡಿ, ಬಂದರಿನ ವಿಸ್ತರಣೆಗಾಗಿ ಈ ತೀರದಲ್ಲಿ ಅಲೆತಡೆಗೋಡೆಯ ಕೆಲಸ ಪೊಲೀಸ್ ಕಾವಲಿನಲ್ಲಿ ಶುರುವಾದಾಗ ಮೀನುಗಾರರ ಜೊತೆ ಊರಿಗೆ ಊರೇ ಬೀದಿಗಿಳಿದದ್ದು ಈ ಕಾರಣಕ್ಕೆ. ಆಮೇಲೆ ಹೈಕೋರ್ಟ್ ಕಾಮಗಾರಿಗೆ ತಡೆ ನೀಡಿತು.

ಬಂದರು ಬೆಳೆದರೆ ಉದ್ಯೋಗ ಬರುತ್ತದೆ, ಜಿಲ್ಲೆಯ ಹುಡುಗರು ಗೋವೆಗೆ ದುಡಿಯಲು ಹೋಗುವುದು ತಪ್ಪುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಸಿಗುವ ಉದ್ಯೋಗದ ಎದುರು ಹೋಗುವ ಉದ್ಯೋಗವನ್ನೂ ಎಣಿಸಬೇಕಲ್ಲ? ಅಲೆತಡೆಗೋಡೆಯ ಹಾನಿ ಅದನ್ನು ಕಟ್ಟಿದ ಜಾಗಕ್ಕಷ್ಟೇ ನಿಲ್ಲುವುದೂ ಇಲ್ಲ. ದಡದುದ್ದಕ್ಕೂ ಸಾಗುವ ಮರಳನ್ನು ಅದು ಒಂದು ಬದಿಗೆ ತಡೆದರೆ ಇನ್ನೊಂದು ಬದಿ ಕೊರೆಯುತ್ತದೆ. ನೇತ್ರಾವತಿ ಅಳಿವೆಯಲ್ಲಿ ಕಲ್ಲಿನ ಗೋಡೆಗಳು ಎದ್ದ ಮೇಲೆ ಉಳ್ಳಾಲದ ಮನೆಗಳು ಕಡಲಿನ ಪಾಲಾಗುತ್ತ ಬಂದದ್ದು ನಮ್ಮ ಕಣ್ಣೆದುರಿಗಿದೆ. ಬೈತಖೋಲಿನಲ್ಲಿ ಈಗಿರುವ ಬಂದರಿನ ಹೂಳೆತ್ತಿ, ಇದ್ದ ಧಕ್ಕೆಗಳನ್ನು ಸುಧಾರಿಸಲು ಯಾರ ಅಡ್ಡಿಯೂ ಇರಬೇಕಿಲ್ಲ. ಟ್ಯಾಗೋರ್ ತೀರವನ್ನು ಮಾತ್ರ ಬಂದರಿನ ನಕ್ಷೆಯಿಂದ ಶಾಶ್ವತವಾಗಿ ಹೊರಗಿಟ್ಟು, ಸಾರ್ವಜನಿಕ ತೀರವೆಂದು ಸರ್ಕಾರ ಲಿಖಿತವಾಗಿ ಘೋಷಿಸಬೇಕು.