ಹೆಚ್ಚಿದ್ದೆಲ್ಲವೂ ದೋಷವಲ್ಲ

ಕೆಲವು ದಿನಗಳ ಹಿಂದೆ ಪರಿಚಿತ ಕುಟುಂಬವೊಂದು ನಮ್ಮಲ್ಲಿಗೆ ಬಂದಿತ್ತು. ಮನೆಯ ಹಿರಿಯರ ಅಸ್ಥಿಮಜ್ಜೆಯ ಪರೀಕ್ಷಾ ವರದಿಯಲ್ಲಿ 'ಮೆಗಾಕ್ಯಾರಿಯೋಸೈಟ್' ಎಂಬ ಶಬ್ದವಿತ್ತು. ಕಾಲೇಜಿನಲ್ಲಿ ಓದುವ ಮೊಮ್ಮಗಳು ಪುಸ್ತಕ ತೆರೆದು, ಆ ಜೀವಕೋಶಗಳಲ್ಲಿ ವರ್ಣತಂತುಗಳು ಹಲವು ಪಟ್ಟು ಹೆಚ್ಚಿರುತ್ತವೆಂದು ಓದಿ ಹೇಳಿದ್ದಳು. ಹಾಗಾದರೆ ಇದು ಅರ್ಬುದರೋಗವೇ ಎಂದು ಭಾವಿಸಿ, ಹಿರಿಯರಿಗೆ ತಿಳಿಸದೆ, ಮನೆಮಂದಿಯೆಲ್ಲ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ನಾವು ವೈದ್ಯರಲ್ಲ, ಆದರೂ ವರದಿಯನ್ನು ಕೊನೆಯವರೆಗೆ ಓದಿದೆವು. ಆ ಕೋಶಗಳು ಸಹಜವಾಗಿವೆಯೆಂದೇ ಅಲ್ಲಿ ಬರೆದಿತ್ತು.

ಮಾನವನ ಜೀವಕೋಶದಲ್ಲಿ 46 ವರ್ಣತಂತುಗಳಿವೆಯೆಂದು ಚಿಯೋ ಮತ್ತು ಲೆವಾನ್ ಎಂಬ ವಿಜ್ಞಾನಿಗಳು 1956ರಲ್ಲಿ ಪ್ರಕಟಿಸಿದರು. ತಾಯಿಯಿಂದ 23ರ ಒಂದು ಕಟ್ಟು, ತಂದೆಯಿಂದ 23ರ ಇನ್ನೊಂದು ಕಟ್ಟು. ಪಾಠಗಳಲ್ಲಿ ಕಲಿಸುವುದು ಇಷ್ಟೇ. ಆದರೆ ಆರೋಗ್ಯವಂತ ದೇಹದಲ್ಲಿಯೇ ಈ ಲೆಕ್ಕವನ್ನು ಮೀರಿದ ಕೋಶಗಳುಂಟು. ಮಜ್ಜೆಯಲ್ಲಿರುವ ಈ ಬೃಹತ್ಕೋಶವು ತನ್ನ ವರ್ಣತಂತುಗಳನ್ನು ಮತ್ತೆ ಮತ್ತೆ ಇಮ್ಮಡಿಗೊಳಿಸಿಕೊಳ್ಳುತ್ತದೆ. ಆದರೆ ತಾನು ಒಡೆದು ಎರಡಾಗುವುದಿಲ್ಲ. ಎರಡು ಕಟ್ಟುಗಳಿದ್ದದ್ದು ಸಾಮಾನ್ಯವಾಗಿ 16ಕ್ಕೆ, ಕೆಲವೊಮ್ಮೆ 64ಕ್ಕೂ ಏರುತ್ತದೆ. ಹೀಗೆ ಹಿಗ್ಗಿದ ಕೋಶವೇ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ಸಾವಿರಗಟ್ಟಲೆ ಬಿಡುಗಡೆ ಮಾಡುತ್ತದೆ. ಡೆಂಗೀ ಜ್ವರ ಬಂದಾಗ ನಾವು ಆತಂಕದಿಂದ ಎಣಿಸುವ ಕಣಗಳು ಇವೇ.

ಯಕೃತ್ತಿನದೂ ಇಂಥದೇ ಸಂಗತಿ. ಜನಿಸಿದಾಗ ಅದರ ಬಹುಪಾಲು ಕೋಶಗಳು ಎರಡು ಕಟ್ಟಿನವು. ವಯಸ್ಸು ಏರಿದಂತೆ ನಾಲ್ಕು, ಎಂಟು ಕಟ್ಟಿನವೂ ಸೇರಿಕೊಳ್ಳುತ್ತವೆ. ಹಿಂದಿನ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ವಿಕಿರಣಶೀಲ ಇಂಗಾಲದ ಜಾಡು ಹಿಡಿದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೃದ್ಧರಲ್ಲಿಯೂ ಯಕೃತ್ತಿನ ಕೋಶಗಳ ಸರಾಸರಿ ವಯಸ್ಸು ಮೂರು ವರ್ಷಕ್ಕಿಂತ ಕಡಿಮೆಯೆಂದು ತೋರಿಸಿತು. ಎರಡು ಕಟ್ಟಿನವು ಬೇಗ ಹೊಸದಾಗುತ್ತವೆ. ಹೆಚ್ಚು ಕಟ್ಟಿನವು ನಿಧಾನವಾಗಿ. ಹೃದಯದ ಸ್ನಾಯುಕೋಶಗಳಲ್ಲಿಯೂ ಬಾಲ್ಯದಲ್ಲೇ ಈ ಹೆಚ್ಚಳ ಕಂಡುಬರುತ್ತದೆ.

ಹಾಗೆಂದು ಎಲ್ಲ ಹೆಚ್ಚಳವೂ ನಿರಪಾಯಕರವೆಂದು ತಿಳಿಯಬಾರದು. ಭ್ರೂಣದ ಎಲ್ಲ ಕೋಶಗಳಲ್ಲಿಯೂ ಮೂರು ಕಟ್ಟು, ಅಂದರೆ 69 ವರ್ಣತಂತುಗಳಿದ್ದರೆ ಗರ್ಭವು ಬಹುತೇಕ ಉಳಿಯುವುದಿಲ್ಲ. ಡೌನ್ ಸಿಂಡ್ರೋಮ್‌ನಲ್ಲಿ ಹೆಚ್ಚುವುದು ಇಡೀ ಕಟ್ಟಲ್ಲ, 21ನೆಯ ವರ್ಣತಂತು ಮಾತ್ರ. ಅರ್ಬುದದ ಕೋಶಗಳಲ್ಲಿ ಅನೇಕ ವೇಳೆ ಕೆಲವು ಹೆಚ್ಚಿ, ಕೆಲವು ಕಳೆದು, ಲೆಕ್ಕವೇ ಅಸ್ತವ್ಯಸ್ತವಾಗಿರುತ್ತದೆ. ಆದುದರಿಂದ ಎಷ್ಟು ಹೆಚ್ಚಿದೆ ಎಂಬುದೊಂದೇ ಸಾಲದು. ಎಲ್ಲಿ, ಯಾವ ಕ್ರಮದಲ್ಲಿ, ಯಾವ ಕೆಲಸಕ್ಕಾಗಿ ಹೆಚ್ಚಿದೆ ಎಂಬುದನ್ನು ನೋಡಬೇಕು.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ: ವರದಿಯ ಒಂದು ಶಬ್ದವನ್ನು ಹಿಡಿದು ಮನೆಯ ನೆಮ್ಮದಿಯನ್ನು ಕೆಡಿಸಿಕೊಳ್ಳಬೇಡಿರಿ. ವರದಿಯನ್ನು ಪೂರ್ತಿಯಾಗಿ ಓದಿಸಿರಿ, ಅರ್ಥವಾಗದುದನ್ನು ವೈದ್ಯರನ್ನೇ ಕೇಳಿರಿ. ಮೊಮ್ಮಗಳು ಓದಿದ್ದು ತಪ್ಪಾಗಿರಲಿಲ್ಲ. ಅರ್ಧಕ್ಕೆ ನಿಂತಿತ್ತು, ಅಷ್ಟೆ.